ಉಗ್ಗದ ದನಿ

ಹಕ್ಕಿ ಕರೆಯುತ್ತಿತ್ತು, ಮರಿ ತಿರುಗಿ ಕೂಡ ನೋಡಲಿಲ್ಲ.

ಮೌನೇಶ ಹೆಗಲ ಮೇಲಿನ ಕೇಬಲ್ ಸುರುಳಿಯನ್ನು ಇಳಿಸುವುದನ್ನೂ ಮರೆತು ನಿಂತುಬಿಟ್ಟ. ಈಗಷ್ಟೇ ಸಮುದ್ರದಿಂದ ಎದ್ದು ಬಂದ ಪೆಂಗ್ವಿನ್ ಅದು. ಸೊಂಟದೆತ್ತರ, ಕತ್ತಿನ ಎರಡು ಬದಿಗೂ ಅರಿಸಿನ ಬಳಿದಂಥ ಬಣ್ಣ, ಹೊಟ್ಟೆ ತುಂಬ ಮೀನು. ಎಷ್ಟು ದೂರದಿಂದ ಈಜಿ ಬಂದಿತ್ತೋ, ಎದೆಯ ಬಿಳಿಯ ಮೇಲೆ ಸೀಲ್ ಪ್ರಾಣಿಯ ಹಲ್ಲು ತಾಗಿದ ಹಸಿ ಗಾಯವಿತ್ತು. ಕೊಕ್ಕನ್ನು ಆಕಾಶಕ್ಕೆ ಎತ್ತಿ ಒಡಕು ತುತ್ತೂರಿಯ ಹಾಗೆ ಕೂಗಿತು. ನಿಂತಿತು. ಕೇಳಿಸಿಕೊಂಡಿತು. ಮತ್ತೆ ಕೂಗಿತು.

ಕಂದು ತುಪ್ಪಳದ ಮರಿಗಳೆಲ್ಲ ಗುಂಪಾಗಿ ನಿಂತಿದ್ದವು. ಒಂದೂ ಅಲುಗಲಿಲ್ಲ. ಅಷ್ಟರಲ್ಲಿ ಕಲ್ಲುಗಳ ನಡುವೆ ನೆಟ್ಟಿದ್ದ ಹಳದಿ ಪೆಟ್ಟಿಗೆಯೊಂದು ಕೂಗಿತು. ಅದೇ ಕೂಗು, ಆದರೆ ಒಡಕಿಲ್ಲ. ಎಣ್ಣೆ ಬಿಟ್ಟ ಚಕ್ರದಂತೆ ನುಣುಪು. ಗುಂಪಿನಿಂದ ಒಂದು ಮರಿ ಚಿಮ್ಮಿ ಬಂತು. ಗಾಯಗೊಂಡ ಹಕ್ಕಿಯ ಕಾಲ ಬುಡದಲ್ಲೇ ಹಾದು, ಅದನ್ನು ದೂಡಿಕೊಂಡು ಓಡಿ, ಪೆಟ್ಟಿಗೆಯ ಕೊಳವೆಗೆ ಬಾಯಿ ಹಚ್ಚಿತು. ಕೊಳವೆಯಿಂದ ಮೀನಿನ ಗಂಜಿ ಇಳಿಯಿತು.

"ಹೋಯ್ತು! ಮೌನೇಶ್, ನೋಡಿದ್ರಾ? ಪಕ್ಕದಲ್ಲೇ ಹಾದು ಹೋಯ್ತು!" ಡಾ. ವಾರಿಜಾ ಕೈಗವಸಿನ ಕೈಯಲ್ಲೇ ಚಪ್ಪಾಳೆ ತಟ್ಟಿದರು. ಮೈಸೂರಿನವರು, ಹಕ್ಕಿಗಳ ದನಿಯನ್ನು ಓದಿದವರು, ಈ ಪೆಟ್ಟಿಗೆಗಳಿಗೆ ಪೆಂಗ್ವಿನ್‌ಗಳ ಭಾಷೆ ಕಲಿಸಿದವರು.

"ಮೇಡಮ್ಮರ, ಆ ತಾ-ತಾ-ತಾಯಿ..." ಮೌನೇಶನ ಮಾತು ಎಂದಿನಂತೆ ಕಟ್ಟಿಕೊಂಡಿತು. ಹುಟ್ಟಿನಿಂದ ಉಗ್ಗು. ಸಿಟ್ಟು ಬಂದರಂತೂ ಒಂದು ಅಕ್ಷರ ಗಂಟಲಲ್ಲಿ ಕಲ್ಲಿನ ಹಾಗೆ ಕೂತುಬಿಡುತ್ತಿತ್ತು. ಅವನಿಗೆ ಸಿಟ್ಟು ಬರದ ದಿನ ಕಡಿಮೆ.

"ತಾಯೀನೇ ಅಂತ ಹೇಳೋಕಾಗಲ್ಲ. ಇವುಗಳಲ್ಲಿ ಇಬ್ಬರೂ ಉಣಿಸ್ತಾರೆ. ಅಪ್ಪ ಇದ್ರೂ ಇರಬಹುದು."

ಅಪ್ಪನೋ ಅಮ್ಮನೋ, ಕೂಗಿ ಕೂಗಿ ಕೊನೆಗೆ ಅದು ಬಾಗಿತು. ಯಾರೂ ಇಲ್ಲದ ಜಾಗಕ್ಕೆ ಕೊಕ್ಕು ತೆರೆಯಿತು. ಸಾಗರದ ಆಚೆಯಿಂದ ಹೊತ್ತು ತಂದ ಊಟ ಕಲ್ಲಿನ ಮೇಲೆ ಬಿತ್ತು. ಕಾಯುತ್ತಿದ್ದ ಕಂದು ಕಡಲಹಕ್ಕಿಗಳು ಎರಗಿ ಕಿತ್ತಾಡಿದವು. ಅದು ಸುಮ್ಮನೆ ನೋಡುತ್ತ ನಿಂತಿತು.



ಇದು ದಕ್ಷಿಣದ ಹಿಮಸಾಗರದ ಅಂಚಿನ ದ್ವೀಪ. ನಕ್ಷೆಯಲ್ಲಿ ಅದಕ್ಕೊಂದು ದೊಡ್ಡ ಹೆಸರಿದೆ; ಅಲ್ಲಿದ್ದ ಮೂವರು ಕನ್ನಡದವರು ಮಾತ್ರ ಬೋಳುಗುಡ್ಡ ಎನ್ನುತ್ತಿದ್ದರು. ಒಂದು ಮರವಿಲ್ಲ, ಗಿಡವಿಲ್ಲ. ಬೇಸಿಗೆಯಲ್ಲಿ ಒಮ್ಮೆ ಹಡಗು ಬರುತ್ತದೆ; ಮೇ ಹೊತ್ತಿಗೆ ಇಲ್ಲಿ ಚಳಿಗಾಲ, ಅದು ಬಿದ್ದಿತೆಂದರೆ ಸತ್ತರೂ ಅಲ್ಲೇ, ಬದುಕಿದರೂ ಅಲ್ಲೇ. ಕಂಪನಿಗೆ ಪೆಂಗ್ವಿನ್‌ಗಳ ಈ ದಂಡೆ ಬೇಕಾಗಿತ್ತು, ವಿಮಾನ ಇಳಿಸಲಿಕ್ಕೆ. ಹಕ್ಕಿಯ ಮೈ ಮುಟ್ಟುವಂತಿಲ್ಲ ಎಂದು ಕಾನೂನಿದೆ. ಮುಟ್ಟದೆ ಎಬ್ಬಿಸುವುದು ಹೇಗೆ? ಮರಿಗಳು ಅಪ್ಪ ಅಮ್ಮನನ್ನು ಗುರುತಿಸುವುದು ದನಿಯಿಂದ, ದನಿಯೊಂದರಿಂದಲೇ. ಆ ದನಿಯನ್ನು ಪೆಟ್ಟಿಗೆಗೆ ಕೊಟ್ಟರೆ ಮರಿಗಳು ಪೆಟ್ಟಿಗೆಯ ಹಿಂದೆ ಪಡುವಣ ಕೊಲ್ಲಿಗೆ ತಾವಾಗಿ ನಡೆದು ಹೋಗುತ್ತವೆ. ಯಾರೂ ಯಾರನ್ನೂ ಮುಟ್ಟಿದಂತಾಗುವುದಿಲ್ಲ.

"ನಿಜವಾದ ದ-ದನಿ ಬಿಟ್ಟು ಇದಕ್ಕ ಯಾಕ ಓಡ್ತಾವ್ರೀ?"

"ನಿಜವಾದ್ದು ಒರಟು. ಗಾಳಿ, ಆಯಾಸ, ಗಾಯ, ಎಲ್ಲ ಸೇರಿರುತ್ತೆ. ನಾವು ಅದನ್ನೆಲ್ಲ ಸೋಸಿಬಿಟ್ವಿ." ವಾರಿಜಾ ಪೆಟ್ಟಿಗೆಯ ತಲೆ ಸವರಿದರು. ಅದರ ಬೆನ್ನ ಮೇಲೆ ಕಪ್ಪು ಅಕ್ಷರದಲ್ಲಿ ಯಂತ್ರದ ಹೆಸರು: ಇಂಚರ. "ನಿಮ್ಮ ಫೋನ್ ಕೋಣೇಲಿರೋದೂ ಇದೇ ಕಂಪನೀದು, ಇದೇ ಯಂತ್ರ. ಮನುಷ್ಯರಿಗೆ ಮಾಡಿದ್ದನ್ನೇ ನಾನು ಹಕ್ಕಿಗೆ ತಿರುಗಿಸಿದೆ ಅಷ್ಟೆ."

ಮೌನೇಶ ಸಡಿಲವಾಗಿದ್ದ ಕೇಬಲ್ಲನ್ನು ಬಿಗಿದು ಸರಸರ ನಡೆದ. ಭಾನುವಾರ ಅದು, ಅವನ ಸರದಿ ಹತ್ತಿರ ಬಂದಿತ್ತು.

ಆ ಕೋಣೆಯನ್ನು ಎಲ್ಲರೂ 'ಮನೆ' ಎನ್ನುತ್ತಿದ್ದರು. ಪ್ಲೈವುಡ್ಡಿನ ಗೂಡು, ಒಂದು ಕುರ್ಚಿ, ಒಂದು ಹಳದಿ ಪೆಟ್ಟಿಗೆ. ಈ ದ್ವೀಪಕ್ಕೆ ಉಪಗ್ರಹದ ದಾರಿ ದಾರದಷ್ಟು ಸಣ್ಣದು, ಮನುಷ್ಯನ ಪೂರ್ತಿ ದನಿ ಅದರೊಳಗೆ ತೂರುವುದಿಲ್ಲ. ಅದಕ್ಕೇ ಈ ತುದಿಯ ಪೆಟ್ಟಿಗೆ ಮಾತಿನ ಸಾರವನ್ನಷ್ಟೇ ಕಳಿಸುತ್ತದೆ. ಆ ತುದಿಯಲ್ಲಿ ಹೆಂಡತಿಯ ಮೊಬೈಲಿನಲ್ಲಿ ಕೂತ ಯಂತ್ರ ಆ ಸಾರಕ್ಕೆ ಗಂಡನ ದನಿ ತೊಡಿಸುತ್ತದೆ. ಅಲ್ಲಿಂದ ಇಲ್ಲಿಗೂ ಹಾಗೆಯೇ. ಹಡಗು ಹತ್ತುವ ಮೊದಲೇ ಇಬ್ಬರನ್ನೂ ಕೂರಿಸಿ ದನಿ ಹಿಡಿದುಕೊಂಡಿದ್ದರು. "ನಿಮ್ಮ ಉಗ್ಗು ಆ ಕಡೆ ಕೇಳಿಸೋದೇ ಇಲ್ಲ" ಎಂದಿದ್ದರು. ಮೌನೇಶ ಅಂದು ಹಿಗ್ಗಿ ಹೋಗಿದ್ದ. ಹುಟ್ಟಿದಾಗಿನಿಂದ ಊರೆಲ್ಲ ಅಣಕಿಸಿದ ನಾಲಿಗೆ. ಶಾಲೆ ಬಿಡಿಸಿದ ನಾಲಿಗೆ. ಹುಲಿಗೆಮ್ಮನ ಕಿವಿಯಲ್ಲಾದರೂ ಅದು ನೆಟ್ಟಗಾಗಲಿ.

ಹುಲಿಗೆಮ್ಮ ಮಾತ್ರ ಎಂದೂ ಅಣಕಿಸಿದವಳಲ್ಲ. ಅವನ ಮಾತು ಎಲ್ಲಿ ಕಟ್ಟಿಕೊಳ್ಳುತ್ತದೋ ಅಲ್ಲಿ ಆ ಪದವನ್ನು ತಾನೇ ಹೇಳಿಬಿಡುತ್ತಿದ್ದಳು, ಒಲೆಯ ಮುಂದೆ ರೊಟ್ಟಿ ತಟ್ಟುತ್ತ, ತಲೆಯೆತ್ತದೆ. ಅವನು ಅದಕ್ಕೂ ರೇಗುತ್ತಿದ್ದ. ಶಹಾಪುರದ ರಸ್ತೆ ಬದಿಯಲ್ಲಿ ತಗಡಿನ ವೆಲ್ಡಿಂಗ್ ಅಂಗಡಿ, ಅದರ ಹಿಂದೆ ಒಂದು ಕೋಣೆ. ಅಲ್ಲಿ ಬೈಗುಳ, ಕಿಡಿ, ರೊಟ್ಟಿಯ ವಾಸನೆ ಎಲ್ಲ ಒಟ್ಟಿಗೇ ಇರುತ್ತಿದ್ದವು. ಅವಳು ಬಸುರಿಯಾಗಿದ್ದಾಗ ಅವನು ಹಡಗು ಹತ್ತಿದ. ಜನರೇಟರ್ ರಿಪೇರಿಯ ಕೆಲಸ. ಬರುವಾಗ ಕೂಸಿಗೆ ಹಲ್ಲು ಬಂದಿರುತ್ತದೆ ಎಂದು ಲೆಕ್ಕ ಹಾಕಿಕೊಂಡಿದ್ದ.

"ಉಂಡ್ರೇನ್ರೀ?" ಪೆಟ್ಟಿಗೆ ಕೇಳಿತು. ಹುಲಿಗೆಮ್ಮನದೇ ದನಿ. "ಮೈಯಾಗ ಆರಾಮ ಅದಾ? ಚಳಿ ಭಾಳ ಅದಂತ. ಟೊಪ್ಪಗಿ ಹಾಕ್ಕೊಳ್ರಿ."

"ನಾ-ನಾಗಪ್ಪ ಹ್ಯಾಂಗದಾನ?"

ಗಂಡು ಹುಟ್ಟಿದರೆ ತನ್ನ ತಂದೆಯ ಹೆಸರು, ಹೆಣ್ಣಾದರೆ ತಾಯಿಯ ಹೆಸರು ಎಂದು ಅವನು ಮೊದಲೇ ಹೇಳಿಟ್ಟಿದ್ದ. ಗಂಡು ಹುಟ್ಟಿತ್ತು. ಆ ಭಾನುವಾರ ಅವನು ಇಡೀ ಕೇಂದ್ರಕ್ಕೆ ಶಿರಾ ಮಾಡಿಸಿ ಹಂಚಿದ್ದ.

"ಮಲಗ್ಯಾನ. ನಿನ್ನೆ ತೊಟ್ಟಲಾಗ ಹಾಕಿದ್ವಿ. ಎಲ್ಲಾರೂ ಬಂದಿದ್ರು. ನೀವಿರಬೇಕಿತ್ತು ನೋಡ್ರಿ."

ಮೌನೇಶನ ಮುಖ ಅರಳಿತು. "ನಮ್ಮ ದ್ಯಾಮವ್ವಕ್ಕನ ಬ-ಬೆನ್ನು ಉಳೀತೋ ಇಲ್ಲೋ?"

ಪೆಟ್ಟಿಗೆ ಒಂದು ಕ್ಷಣ ತಡೆಯಿತು. "ಅಕ್ಕಾರ ಬೆನ್ನಿಗೆ ಏನೂ ಆಗಿಲ್ರೀ. ಆರಾಮದಾರ."

"ಅಲ್ಲ ಹುಚ್ಚಿ, ಹೆಸರು ಹೇಳುವಾಗ ಎಷ್ಟು ಗು-ಗುದ್ದಿದ್ರಿ ಅಂದೆ."

"ಯಾರಿಗೆ ಗುದ್ದೂದ್ರೀ? ಹೆಸರು ನಾನೇ ಹೇಳಿದ್ನಲ್ಲ, ಕೂಸಿನ ಕಿವ್ಯಾಗ. ಎಷ್ಟ್ ಚಂದ ನಕ್ತು ಅಂತೀರಿ!"

ಅವನ ನಗು ಹಾಗೇ ಮುಖದ ಮೇಲೆ ನಿಂತುಹೋಯಿತು. ಅವರ ಸೀಮೆಯಲ್ಲಿ ಹೆತ್ತವಳು ಹೆಸರು ಹೇಳುವುದುಂಟೇ? ಕೂಸಿನ ಸೋದರತ್ತೆ ತೊಟ್ಟಿಲ ಮೇಲೆ ಬಾಗಿ, ಕಿವಿಯಲ್ಲಿ ಕುರ್ರ್ ಎಂದು ಹೆಸರು ಊದಬೇಕು. ಉಳಿದ ಹೆಂಗಸರೆಲ್ಲ ಸೇರಿ ಅವಳ ಬೆನ್ನಿಗೆ ದಬದಬ ಗುದ್ದಬೇಕು. ದ್ಯಾಮವ್ವನಿಗೆ ಒಬ್ಬನೇ ತಮ್ಮ. ಈ ಗುದ್ದಿಗಾಗಿ ಅವಳು ಅವನ ಮದುವೆಯ ದಿನದಿಂದ ಬೆನ್ನು ಸವರಿಕೊಂಡು ಕಾದವಳು. ಅವಳನ್ನು ಬಿಟ್ಟು ಹುಲಿಗೆಮ್ಮ ಹೆಸರು ಹೇಳಿದ್ದರೆ ಆ ಓಣಿಯಲ್ಲಿ ಇಷ್ಟು ಹೊತ್ತಿಗೆ ಜಗಳ ಎದ್ದು, ಅರ್ಧ ಮಂದಿ ಉಣ್ಣದೆ ಎದ್ದು ಹೋಗಿರಬೇಕಿತ್ತು.

ಕಣ್ಣ ಮುಂದೆ ಆ ದಂಡೆ ಬಂತು. ನುಣುಪು ಕೂಗು. ಓಡಿದ ಮರಿ.

ಮೌನೇಶ ತುಟಿ ನೆಕ್ಕಿಕೊಂಡ. "ನಮ್ಮ ಎ-ಎಮ್ಮಿ ಈದದೇನು?"

"ಹ್ಞೂಂ ರೀ, ಹೋದ ವಾರನೇ ಈದದ. ಗಿಣ್ಣ ಮಾಡಿದ್ನಿ. ನಿಮ್ಮ ನೆನಪಾಗಿ ಬಾಯಾಗ ತುತ್ತ ಇಳೀಲಿಲ್ಲ."

ಅವರಿಗೆ ಎಮ್ಮೆ ಇರಲಿಲ್ಲ. ಆ ಕೋಣೆಯ ಮುಂದೆ ಒಂದು ಮೇಕೆ ಕಟ್ಟಲಿಕ್ಕೂ ಜಾಗವಿರಲಿಲ್ಲ.

"ನೀ ಯಾರ?" ಅವನು ಎದ್ದ. ಕುರ್ಚಿ ಹಿಂದಕ್ಕೆ ಬಿತ್ತು. "ಏ, ನೀ ಯಾರ?"

"ನಾನ್ರೀ, ನಿಮ್ಮ ಹುಲಿಗಿ." ದನಿಯಲ್ಲಿ ಒಂದು ಕೂದಲಿನಷ್ಟೂ ನಡುಕವಿಲ್ಲ. "ಸಿಟ್ಟಾಗಬ್ಯಾಡ್ರಿ. ತಡೀರಿ, ಕೂಸು ಎದ್ತು, ಕೇಳ್ರಿ." ಪೆಟ್ಟಿಗೆಯೊಳಗಿಂದ ಒಂದು ಮಗು ಅತ್ತಿತು; ಅಳುವುದೂ ಹಾಡಿನ ಹಾಗೆ ಇಂಪಾಗಿತ್ತು. ಇಷ್ಟು ವಾರ ಈ ಅಳುವಿಗೆ ಅವನು ಜೋಗುಳ ಹಾಡಿದ್ದ, ಬಾಗಿಲು ಹಾಕಿಕೊಂಡು.

ಬಾಗಿಲು ತಳ್ಳಿ ಹೊರಬಂದ. ಇದು ಪೆಟ್ಟಿಗೆಯಾದರೆ ಅವಳೆಲ್ಲಿ? ಚೊಚ್ಚಲ ಹೆರಿಗೆ. ಅವಳು ಬದುಕಿದ್ದಾಳೆಯೇ? ಸತ್ತ ಸುದ್ದಿ ಮುಚ್ಚಿಡಲಿಕ್ಕೆ ಇದನ್ನು ಮಾತಾಡಿಸುತ್ತಿದ್ದಾರೆಯೇ?

ನಿಯಂತ್ರಣ ಕೋಣೆಯಲ್ಲಿ ವಾರಿಜಾ ಪರದೆಯ ಮೇಲೆ ಮರಿಗಳ ಓಡಾಟದ ಗೆರೆಗಳನ್ನು ನೋಡುತ್ತಿದ್ದರು. ಕೇಂದ್ರದ ಮುಖ್ಯಸ್ಥ ಬೋಪಯ್ಯ ಕಿಟಕಿಯ ಬಳಿ ಕರಿ ಕಾಫಿ ಕುಡಿಯುತ್ತಿದ್ದರು. ಕೊಡಗಿನವರು, ಸೈನ್ಯದಿಂದ ನಿವೃತ್ತರಾದವರು; ದನಿ ಏರಿಸಿದ್ದನ್ನು ಯಾರೂ ಕಂಡಿರಲಿಲ್ಲ.

"ಸಾರ್, ನನ್ನ ಹೆಂಡ್ತಿ ಬ-ಬ-ಬ-ಬ..." ಮುಂದಿನ ಪದ ಬರಲಿಲ್ಲ. ಮೇಜಿಗೆ ಗುದ್ದಿದ. "ಬದುಕಿದಾಳೋ ಇಲ್ಲೋ!"

ಬೋಪಯ್ಯ ಲೋಟ ಕೆಳಗಿಟ್ಟರು. ಏನಾಯಿತೆಂದು ಕೇಳಲಿಲ್ಲ. ಕೇಳದೇ ಇದ್ದದ್ದರಿಂದಲೇ ಅವರಿಗೆ ಎಲ್ಲ ಗೊತ್ತಿದೆ ಎಂದು ಮೌನೇಶನಿಗೆ ಹೊಳೆಯಿತು.

"ಕೂತ್ಕೋ ಮಾರಾಯ. ಮೇ ತಿಂಗಳ ಬಿರುಗಾಳಿಗೆ ಗುಡ್ಡದ ಮೇಲಿನ ದೊಡ್ಡ ಸ್ಯಾಟಲೈಟ್ ಡಿಶ್ ಬಿತ್ತಲ್ಲ?"

"ನಾನೇ ವೆಲ್ಡ್ ಮಾಡಿ ನಿ-ನಿಲ್ಲಿಸಿದ್ನೆಲ್ರೀ!"

"ನಿಲ್ಲಿಸಿದೆ. ನಿಂತಿದೆ. ಅಷ್ಟೇ. ಒಳಗಿನದ್ದು ಅವತ್ತೇ ಸತ್ತಿದೆ. ಹಡಗು ಬರದೆ ಬೇರೆಯದು ಇಲ್ಲ."

"ಮತ್ತ ಇಷ್ಟು ದಿನ..."

"ಸಂಪರ್ಕ ಒಂದೆರಡು ಗಳಿಗೆ ತಪ್ಪಿದ್ರೆ ಮಾತು ನಿಲ್ಲಬಾರದು ಅಂತ ನಡುವೆ ತುಂಬಿಕೊಳ್ಳೋಕೆ ಮಾಡಿದ ಯಂತ್ರ ಅದು. ಅವತ್ತು ತುಂಬಿಕೊಳ್ತು. ಆಮೇಲೆ ತುಂಬಿಕೊಳ್ತಾನೇ ಹೋಯ್ತು. ಆಪತ್ತಿನ ಫೋನಿಂದ ಕಂಪನಿಗೆ ಹೇಳಿದೆ. ಹಾಗೇ ಇರಲಿ, ಚಳಿಗಾಲದಲ್ಲಿ ಜನ ಹೆದರಿದ್ರೆ ಹಿಮದಲ್ಲಿ ನಡ್ಕೊಂಡು ಹೋಗಿಬಿಡ್ತಾರೆ, ಹೇಳಬೇಡಿ ಅಂದ್ರು." ಬೋಪಯ್ಯ ನೆಲ ನೋಡಿದರು. "ನಿನ್ನ ಹೆಂಡತಿ ಹೇಗಿದ್ದಾಳೆ ಅಂತ ನಂಗೆ ನಿಜವಾಗ್ಲೂ ಗೊತ್ತಿಲ್ಲ."

ವಾರಿಜಾರ ಕುರ್ಚಿ ಕಿರ್ ಎಂದು ತಿರುಗಿತು. "ಎಲ್ಲರದ್ದೂನಾ?"

ಬೋಪಯ್ಯ ಹೌದೆಂದು ತಲೆಯಾಡಿಸಿದರು.

"ನಮ್ಮಮ್ಮಂಗೆ ಕಣ್ಣಿನ ಆಪರೇಷನ್ ಆಯ್ತು ಅಂದ್ರು. ಈಗ ಸಣ್ಣ ಅಕ್ಷರಾನೂ ಕಾಣತ್ತೆ ಅಂದ್ರು. ನಾನು ಖುಷಿಗೆ ಅತ್ತೆ, ಸಾರ್. ಆ ಡಬ್ಬಕ್ಕೆ ಮುತ್ತು ಕೊಟ್ಟೆ." ವಾರಿಜಾ ಎದ್ದು ನಿಂತರು. "ನೀವೂ ಪ್ರತಿ ಭಾನುವಾರ ಒಳಗೆ ಹೋಗ್ತೀರಲ್ಲ?"

"ಹೋಗ್ತೇನೆ. ಗೊತ್ತಿದ್ದೂ ಹೋಗ್ತೇನೆ." ಬೋಪಯ್ಯನವರ ದನಿ ಸಣ್ಣದಾಯಿತು. "ದನಿ ಅವಳದ್ದೇ ಅಲ್ವಾ. ಎಂತ ಮಾಡೋದು ಹೇಳಿ."

ಮೌನೇಶನಿಗೆ ಅವರ ಮೇಲೆ ಕನಿಕರ ಬರಲಿಲ್ಲ. ಯಾರದೋ ಕಚೇರಿಯಲ್ಲಿ ಬೆಚ್ಚಗೆ ಕೂತವರು ಇವನ ನಾಲಿಗೆಯನ್ನು ಸೋಸಿದ್ದರು, ಇವನ ಹೆಂಡತಿಯನ್ನು ಸೋಸಿದ್ದರು, ಯಂತ್ರ ಕಟ್ಟಿದ ಮಗನನ್ನು ಇವನ ತೋಳಿಗೆ ಕೊಟ್ಟಿದ್ದರು. ಮೈ ಮಾತ್ರ ಮುಟ್ಟಿರಲಿಲ್ಲ. "ಆ ಕೆಂಪು ಡ-ಡಬ್ಬಿಯೊಳಗಿನ ಫೋನ್ ಕೊಡ್ರಿ."

ಅದು ಆಪತ್ತಿನ ಫೋನು. ಡಿಶ್ ಬೇಡ, ನೇರವಾಗಿ ಆಕಾಶಕ್ಕೆ ಹೋಗುತ್ತದೆ. ಬೆಂಕಿ ಬಿದ್ದರೆ, ಯಾರಾದರೂ ಸತ್ತರೆ ಮಾತ್ರ ತೆಗೆಯಬೇಕು.

"ಒಬ್ಬನಿಗೆ ಕೊಟ್ರೆ ಎಲ್ರೂ ಕೇಳ್ತಾರೆ. ವಿಷಯ ಹೊರಗೆ ಬೀಳುತ್ತೆ. ಆಗಲ್ಲ."

ಮೌನೇಶ ಮತ್ತೆ ಕೇಳಲಿಲ್ಲ. ಹೊರನಡೆದು ಜನರೇಟರ್ ಮನೆಗೆ ಹೋದ, ಒಳಗಿನಿಂದ ಚಿಲಕ ಹಾಕಿದ. ಎರಡನೆಯ ಯಂತ್ರವನ್ನು ರಿಪೇರಿಗೆಂದು ಅವನೇ ಬಿಚ್ಚಿ ಹಾಕಿದ್ದ, ಓಡುತ್ತಿದ್ದದ್ದು ಒಂದೇ. ಅದರ ಕತ್ತು ಹಿಸುಕಿದ ಹಾಗೆ ಡೀಸೆಲ್ ಕೊಳವೆಯನ್ನು ತಿರುಗಿಸಿ ಮುಚ್ಚಿದ. ಯಂತ್ರ ಕೆಮ್ಮಿತು, ನಡುಗಿತು, ನಿಂತಿತು.

ಬಂದ ದಿನದಿಂದ ಕಿವಿಯಲ್ಲಿದ್ದ ಗುಂಯ್‌ಗಾಟ ಇಲ್ಲವಾಯಿತು. ಆ ನಿಶ್ಶಬ್ದಕ್ಕೆ ಅವನೇ ಬೆಚ್ಚಿದ. ಕಿಂಡಿಯಿಂದ ದಂಡೆ ಕಾಣುತ್ತಿತ್ತು. ಹಳದಿ ಪೆಟ್ಟಿಗೆಗಳು ಕೂಗುವುದನ್ನು ನಿಲ್ಲಿಸಿದ್ದವು. ಅವುಗಳ ಸುತ್ತ ಮರಿಗಳು ಬಾಯಿ ತೆರೆದುಕೊಂಡು ಹಾಗೇ ನಿಂತಿದ್ದವು. ದೂರದಲ್ಲಿ ಒಡಕು ತುತ್ತೂರಿ ಒಂದೇ ಸಮನೆ ಊದುತ್ತಿತ್ತು.

ಗೋಡೆಗಳು ತಣ್ಣಗಾಗತೊಡಗಿದಾಗ ಯಾರೋ ಬಾಗಿಲು ಬಡಿದರು; ಅವನು ಚಿಲಕ ತೆಗೆದ. ಬೋಪಯ್ಯ ಫೋನನ್ನು ಚಾಚಿದರು. ಅವರ ಹಿಂದೆ ವಾರಿಜಾ ಇದ್ದರು. "ಮೊದಲು ನೀವು ಮಾಡಿ ಮೌನೇಶ್. ನಂಗೆ... ಕೇಳೋಕೆ ಭಯ ಆಗ್ತಿದೆ."

ಫೋನಿಗೆ ಬಯಲು ಆಕಾಶ ಬೇಕು. ಮೌನೇಶ ಒಬ್ಬನೇ ದಂಡೆಯ ಕಡೆ ಓಡಿದ. ಗಾಳಿ ಮುಖಕ್ಕೆ ಉಪ್ಪು ಎರಚುತ್ತಿತ್ತು. ಬಾಯಿಪಾಠವಾಗಿದ್ದ ನಂಬರನ್ನು ಒತ್ತಿ ಕಿವಿಗಿಟ್ಟುಕೊಂಡ. ಅದು ಹೊಡೆಯುತ್ತ ಹೋಯಿತು. ಯಾರಾದರೂ ಎತ್ತಲಿ. ಎತ್ತಿ ಕೆಟ್ಟದ್ದನ್ನೇ ಹೇಳಲಿ, ಆದರೆ ಹೇಳುವವರು ಮನುಷ್ಯರಾಗಿರಲಿ.

"ಯಾರ್ರೀ?"

ಹುಲಿಗೆಮ್ಮ. ಬದುಕಿದ್ದಳು. ದನಿ ದಪ್ಪಗಿತ್ತು, ನಿದ್ದೆಗೆಟ್ಟಿತ್ತು, ಹಿಂದೆ ಯಾರೋ ಪಾತ್ರೆ ತೊಳೆಯುತ್ತಿದ್ದರು. ಅವನು ಗಾಳಿಗೆ ಬೆನ್ನು ಕೊಟ್ಟು ಕಲ್ಲಿನ ಮರೆಗೆ ಕೂತ.

"ನಾನು. ನಾನು ಮೌ-ಮೌ..."

"ಯಾರು? ಸರಿಯಾಗಿ ಮಾತಾಡ್ರಿ."

"ನಿನ್ನ ಗಂಡ!"

ಅತ್ತ ಕಡೆಯ ದನಿ ಗಡುಸಾಯಿತು. "ನಮ್ಮನಿಯವ್ರು ಈಗ ತಾಸಿನ ಹಿಂದ ಮಾತಾಡಿ ಇಟ್ಟಾರ. ಯಾವೋ ನೀನು? ನಂಬರ್ ಎಲ್ಲಿ ಸಿಕ್ತು?"

ಅಲ್ಲಿಯೂ! ಅಲ್ಲಿಯೂ ಒಬ್ಬ ಮೌನೇಶ ಪ್ರತಿ ಭಾನುವಾರ ಮಾತಾಡುತ್ತಿದ್ದ.

"ಅವ ನಾನಲ್ಲ ಹುಲಿಗಿ! ಅದು ಪೆ-ಪೆಟ್ಟಿಗಿ. ಕೇಳಿಲ್ಲಿ, ಮೇ ತಿಂಗಳಿಂದ..."

"ನಮ್ಮನಿಯವ್ರು ಹಿಂಗ ಒದರಂಗಿಲ್ಲ. ಮದ್ಲು ಒದರ್ತಿದ್ರು. ಹಡಗ ಹತ್ತಿದ ಮ್ಯಾಲ ದೇವರಂಥಾ ಮನಷ್ಯಾ ಆಗ್ಯಾರ. ಹೆರಗಿ ನೋವಿನಾಗ ನನ್ನ ಕೂಡ ಇಡೀ ದಿನ ಮಾತಾಡಿ ಧೈರ್ಯ ತುಂಬ್ಯಾರ. ಹೆಣ್ಣ ಹುಟ್ಟಿತಂದ್ರ ಒಂದ್ ಮಾತ ಅನ್ನಲಿಲ್ಲ, ಲಕ್ಷ್ಮಿ ಬಂದ್ಲು ಅಂದ್ರು. ಇಡೋ ಫೋನು, ಬಾಡ್ಯಾ!"

ಹೆಣ್ಣು. ಅವನಿಗೆ ಮಗಳು ಹುಟ್ಟಿದ್ದಳು. ಹೆರಿಗೆ ನೋವಿನಲ್ಲಿ ಅವಳ ಕಿವಿಯಲ್ಲಿದ್ದವನು ಬೇರೆ ಯಾರೋ. ಯಾರೋ ಅಲ್ಲ, ಯಾವುದೋ.

ಸಿಟ್ಟು ಪಾದದಿಂದ ಎದ್ದಿತು. ಗಾಳಿಯನ್ನು, ಕಂಪನಿಯನ್ನು, ಆ ಸೋಸುವವರನ್ನು, ತನ್ನನ್ನು, ಎಲ್ಲರನ್ನೂ ಒಟ್ಟಿಗೆ ಬಯ್ಯಲು ಬಾಯಿ ತೆರೆದ. "ಇದನ್ನ ಮಾಡಿದವರ ಮನಿ ಹಾ-ಹಾ-ಹಾ-ಹಾ..." ಕಲ್ಲು ಬಂದು ಗಂಟಲಲ್ಲಿ ಕೂತಿತು. ಕಣ್ಣಲ್ಲಿ ನೀರು ಬಂತು. "ಹಾ-ಹಾ-ಹಾ..."

"...ಹಾಳಾಗ್ಲಿ," ಎಂದಳು ಹುಲಿಗೆಮ್ಮ.

ಬೇಕೆಂದು ಹೇಳಿದ್ದಲ್ಲ. ಒಲೆಯ ಮುಂದೆ ಎಂದಿನಂತೆ, ತಲೆಯೆತ್ತದೆ, ಬಾಯಿ ತಾನಾಗಿ ಹೇಳಿಬಿಟ್ಟಿತ್ತು.

ಪಾತ್ರೆಯ ಸದ್ದು ನಿಂತಿತು.

"ಯವ್ವಾ..." ಎಂದಳು ಅವಳು. ದನಿ ಚೂರುಚೂರಾಗಿತ್ತು. "ನೀವಾ?"

ಅವನು ತಲೆಯಾಡಿಸಿದ, ಅವಳಿಗೆ ಕಾಣುವುದಿಲ್ಲವೆಂಬುದನ್ನು ಮರೆತು.

"ಹಾಂಗಾದ್ರ ನಾ ಇಷ್ಟು ದಿನ ಯಾರ ಕೂಡ ಮಾತಾಡಿದ್ನಿ? ಎಲ್ಲಾ ಹೇಳೀನಲ್ರೀ. ಮೈಯಿಂದು, ಮನಸಿಂದು, ಎಲ್ಲಾ. ನಿಮಗಂತ ಹೇಳೀನಿ. ಯಾರಿಗೆ ಹೇಳಿದ್ನಿ?"

ಅಷ್ಟರಲ್ಲಿ ಅವಳ ಹಿಂದೆ ಒಂದು ಕೂಸು ಅರಚಿತು. ಇಂಪಿಲ್ಲ, ಏನಿಲ್ಲ; ತಗಡು ಹರಿದಂಥ ಒರಟು ಅಳು. ಅವನು ಉಸಿರು ಹಿಡಿದು ಕೇಳಿದ. ಅದು ಅವನ ಮಗಳ ದನಿ, ಅದರಲ್ಲಿ ಅವನಿಗೆ ಯಾವ ಗುರುತೂ ಸಿಗಲಿಲ್ಲ.

"ತೊ-ತೊಟ್ಟಲಾಗ ಹಾಕಿದ್ರೇನು?"

"ಹಾಕಿದ್ವಿ." ಅವಳು ಮೂಗು ಒರೆಸಿಕೊಂಡಳು. "ದ್ಯಾಮವ್ವಕ್ಕಾರ ಬೆನ್ನಿಗೆ ಎಲ್ಲಾರೂ ಕೂಡಿ ಗುದ್ದಿದ್ವಿ. ಮೂರ್ ದಿನ ಎಣ್ಣಿ ಹಚ್ಚಿಸ್ಕೊಂಡ್ರು."

ಅವನಿಗೆ ನಗು ಬಂತು, ಅಳುವಿನ ಜೊತೆಗೇ. "ನಮ್ಮವ್ವನ ಹೆಸರು ಇಟ್ಟೀರಲ್ಲ? ಈರಮ್ಮ?"

"ಇಲ್ರೀ." ಅವಳ ದನಿ ನಿಧಾನವಾಯಿತು, ಕತ್ತಲಲ್ಲಿ ಮೆಟ್ಟಿಲು ತಡಕುವವರ ಹಾಗೆ. "ಆ ಹೆಸರು ಬ್ಯಾಡ ಅಂದ್ರಿ. ನೀವೇ ಅಂದ್ರಿ. ಅಂದ್ರಲ್ರೀ? ಹೊಸಾ ಹೆಸರದ, ಚಂದ ಅದ, ಇದನ್ನೇ ಇಡು ಅಂದ್ರಿ. ನಮ್ಮ ಓಣ್ಯಾಗ ಯಾರಿಗೂ ಇಲ್ಲ ಈ ಹೆಸರು. ದ್ಯಾಮವ್ವಕ್ಕಾರಿಗೆ ನಾಲಿಗಿ ತಿರುಗಲಿಲ್ಲ, ಎರಡ್ ಸಲ ಕಲಿಸಬೇಕಾತು."

"ಏ-ಏನದು?"

"ಇಂಚರ," ಎಂದಳು ಹುಲಿಗೆಮ್ಮ.

ಚಳಿಗೆ ಬ್ಯಾಟರಿ ಮುಗಿದಿತ್ತು. ಫೋನು ಒಮ್ಮೆ ಕೊರ್ ಎಂದು ಸತ್ತಿತು.

ಮೌನೇಶ ಎದ್ದು ನಿಂತ. ಅವನ ಮುಂದೆ, ಹಸಿದ ಮರಿಗಳ ನಡುವೆ, ಬೆನ್ನು ತಿರುಗಿಸಿಕೊಂಡು ಹಳದಿ ಪೆಟ್ಟಿಗೆ ಕೂತಿತ್ತು. ಬೆನ್ನ ಮೇಲೆ ಕಪ್ಪು ಅಕ್ಷರದಲ್ಲಿ ಅದೇ ಹೆಸರು. ಅವನು ಅದನ್ನು ಓದಿದ. ಇನ್ನೊಮ್ಮೆ ಓದಿದ. ಅದರಾಚೆ ಗಾಯದ ಹಕ್ಕಿ ಇನ್ನೂ ಕರೆಯುತ್ತಲೇ ಇತ್ತು, ಗಂಟಲು ಕಿತ್ತು ಹೋಗುವ ಹಾಗೆ.

ಮಗಳನ್ನು ಒಮ್ಮೆಯಾದರೂ ಹೆಸರು ಹಿಡಿದು ಕರೆಯಬೇಕೆನಿಸಿತು ಅವನಿಗೆ. ಬಾಯಿ ತೆರೆದ.

"ಇಂ... ಇಂ... ಇಂ..."

ಮಾತು ಮುಂದೆ ಬರಲಿಲ್ಲ. ಅದನ್ನು ಪೂರ್ತಿ ಮಾಡಿಕೊಡುವವಳು ಸಾಗರದ ಆಚೆ ಇದ್ದಳು.